ಸಾವಿರಾರು ಜನರಿಗೆ ಹಪ್ಪಳದ ಮೆಸೇಜ್ ಕಳಿಸಿದರೆ ಜೈಲಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆ ಕಾಪು ಹತ್ತಿರ. ಮನೆಯಲ್ಲೇ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಈ ಸಲ ಹಪ್ಪಳ ತುಂಬಾ ಉಳಿಯಿತು. ಪರಿಚಯದ ಕಂಪ್ಯೂಟರ್ ಅಂಗಡಿಯವರು 1,500 ರೂಪಾಯಿಗೆ ಉಡುಪಿ, ಮಂಗಳೂರಿನವರ ಫೋನ್ ನಂಬರ್ ಇರುವ ಎಕ್ಸೆಲ್ ಫೈಲ್ ಕೊಟ್ಟರು. ಅವರ ಕಂಪ್ಯೂಟರಿನಿಂದಲೇ ಎರಡು ದಿನ ಸಾವಿರಾರು ಜನರಿಗೆ ವಾಟ್ಸಾಪ್ ಮೆಸೇಜ್ ಹೋಯಿತು. ಮೂರನೇ ದಿನ ನನ್ನ ವಾಟ್ಸಾಪ್ ಬ್ಯಾನ್ ಆಯಿತು. ಅಷ್ಟರಲ್ಲಿ ಒಬ್ಬರು ಫೋನ್ ಮಾಡಿ, "ಇದು ಸ್ಪ್ಯಾಮ್. 66ಎ ಪ್ರಕಾರ ಮೂರು ವರ್ಷ ಜೈಲು. 10,000 ರೂಪಾಯಿ ಕೊಟ್ಟರೆ ಕಂಪ್ಲೇಂಟ್ ಕೊಡುವುದಿಲ್ಲ" ಎಂದರು. ಎರಡು ದಿನದಿಂದ ನಿದ್ದೆ ಇಲ್ಲ. ಇನ್ನೊಂದು ವಿಷಯ. ಭಾವನ ಮಗ ಒಂದು ಲಕ್ಕಿ ಸ್ಕೀಮಿನ ಏಜೆಂಟ್. ಅವನ ಪೋಸ್ಟರನ್ನು ನನ್ನ 14 ಗಿರಾಕಿಗಳಿಗೆ ಕಳಿಸಿದ್ದೆ. ಅದರಿಂದ ತೊಂದರೆ ಇಲ್ಲ ಅಲ್ವಾ? ನಮ್ಮ ಮಹಿಳಾ ಮಂಡಳಿ ಗ್ರೂಪಿಗೆ ನಾನೇ ಅಡ್ಮಿನ್. ಅದರಲ್ಲಿ ಯಾರೋ ಲೋನ್ ಆಪ್ ಲಿಂಕ್ ಹಾಕಿದ್ದಾರೆ, ಅದಕ್ಕೂ ನಾನೇ ಹೊಣೆಯಾ? ಫೈಲ್, ಮೆಸೇಜ್, ಪೋಸ್ಟರ್ ಮೂರನ್ನೂ ಜೊತೆಗೆ ಕಳಿಸಿದ್ದೇನೆ.
ಹೆಸರು ಬೇಡ, ಕಾಪು

ಉತ್ತರ: ಮೊದಲನೆಯದಾಗಿ, ಆ 10,000 ರೂಪಾಯಿ ಕೊಡಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

66ಎ ಈಗ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಆ ಸೆಕ್ಷನ್ ಒಂದು ಕಾಲಕ್ಕೆ ಇತ್ತು ನಿಜ. ಕಿರಿಕಿರಿ ಮಾಡಲೆಂದೇ ಮೆಸೇಜ್ ಕಳಿಸುವುದು, ಎಲ್ಲಿಂದ ಬಂತು ಎಂದು ತಿಳಿಯದ ಹಾಗೆ ಕಳಿಸುವುದು, ಇವೆಲ್ಲ ಅದರೊಳಗೆ ಬರುತ್ತಿದ್ದವು. ಮೂರು ವರ್ಷದವರೆಗೆ ಜೈಲು ಅಂತಲೂ ಇತ್ತು. ಸ್ಪ್ಯಾಮ್ ಎಂದು ಹೆಸರಿಟ್ಟು ಕರೆಯದಿದ್ದರೂ ಅದಕ್ಕೆ ಹತ್ತಿರದ ಸೆಕ್ಷನ್ ನಮ್ಮಲ್ಲಿ ಅದೊಂದೇ. ಆದರೆ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ಪೂರ್ತಿ ರದ್ದು ಮಾಡಿತು. ಕಿರಿಕಿರಿ ಅಂದರೆ ಏನು? ಒಬ್ಬರಿಗೆ ಕಿರಿಕಿರಿಯಾದದ್ದು ಇನ್ನೊಬ್ಬರಿಗೆ ಆಗಬೇಕಂತಿಲ್ಲ. ಇಷ್ಟು ಸಡಿಲ ಪದದ ಮೇಲೆ ಯಾರನ್ನೂ ಜೈಲಿಗೆ ಹಾಕುವ ಹಾಗಿಲ್ಲ ಎಂಬುದು ಕೋರ್ಟಿನ ತರ್ಕದ ತಿರುಳು. ಆಮೇಲೂ ಕೆಲವು ಠಾಣೆಗಳು ಅದೇ ಸೆಕ್ಷನ್ ಹಾಕಿ ಕೇಸು ಬರೆಯುತ್ತಲೇ ಇದ್ದವು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಮ್ಮೆ ಆದೇಶ ಮಾಡಿ, 66ಎ ಅಡಿ ಯಾರ ಮೇಲೂ ವಿಚಾರಣೆ ನಡೆಸಬಾರದು ಎಂದು ಹೇಳಬೇಕಾಯಿತು. ನಿಮಗೆ ಫೋನ್ ಮಾಡಿದವರಿಗೆ ಇದು ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಹೆದರಿಸುತ್ತಿದ್ದಾರೆ.

ಕಂಪ್ಲೇಂಟ್ ಕೊಡುತ್ತೇನೆ ಎನ್ನುವುದು ತಪ್ಪಲ್ಲ. ಅದು ಅವರ ಹಕ್ಕು. ಆದರೆ ದುಡ್ಡು ಕೊಡು, ಇಲ್ಲದಿದ್ದರೆ ಕೇಸು ಹಾಕುತ್ತೇನೆ ಎಂದರೆ ಕಥೆ ಬೇರೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 308ರಲ್ಲಿ ಸುಲಿಗೆಗೆ ಏಳು ವರ್ಷದವರೆಗೆ ಜೈಲು ಇದೆ. ಅವರು ಮತ್ತೆ ಫೋನ್ ಮಾಡಿದರೆ, "ಏನು ಹೇಳುವುದಿದ್ದರೂ ಮೆಸೇಜಿನಲ್ಲಿ ಬರೆದು ಕಳಿಸಿ" ಎನ್ನಿ. ಇಂಥವರು ಬರೆದು ಕೊಡುವುದು ಕಡಿಮೆ.

ಹಾಗಾದರೆ ಸ್ಪ್ಯಾಮ್‌ಗೆ ಶಿಕ್ಷೆಯೇ ಇಲ್ಲವಾ? ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಸುಮ್ನೆ ಜಾಸ್ತಿ ಜನರಿಗೆ ಜಾಹೀರಾತು ಕಳಿಸಿದ್ದಕ್ಕೆ ಜೈಲು ಎನ್ನುವ ಕಾನೂನು ಇವತ್ತು ನಮ್ಮ ದೇಶದಲ್ಲಿ ಇಲ್ಲ. ಫೋನ್ ಕರೆ ಮತ್ತು ಎಸ್ಎಂಎಸ್‌ಗೆ ಮಾತ್ರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ಮಾಡಿದ ನಿಯಮ ಇದೆ. 2025ರ ಫೆಬ್ರವರಿಯಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ಇದೇ ಹಪ್ಪಳದ ಜಾಹೀರಾತನ್ನು ನಿಮ್ಮ ಮಾಮೂಲಿ ನಂಬರಿನಿಂದ ಎಸ್ಎಂಎಸ್ ಮಾಡಿದ್ದರೆ, ಹತ್ತು ದಿನದೊಳಗೆ ಐದು ದೂರು ಬಂದರೆ ಸಾಕು, ಕ್ರಮ ಶುರುವಾಗುತ್ತಿತ್ತು. ಮೊದಲ ಸಲ 15 ದಿನ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ನಿಮ್ಮ ಹೆಸರಿನ ಸಂಪರ್ಕಗಳೆಲ್ಲ ಒಂದು ವರ್ಷ ಕಟ್. ಆದರೆ ಈ ನಿಯಮ ವಾಟ್ಸಾಪ್‌ಗೆ ತಾಗುವುದಿಲ್ಲ. ಒಂದೇ ಫೋನು, ಒಂದೇ ಜಾಹೀರಾತು, ಆಪ್ ಬದಲಾದರೆ ಕಾನೂನೇ ಬದಲು. ನನಗಂತೂ ಇದರಲ್ಲಿ ಅರ್ಥ ಕಾಣುವುದಿಲ್ಲ, ಆದರೆ ಇವತ್ತಿನ ಸ್ಥಿತಿ ಇದು.

ಅಮೆರಿಕದಲ್ಲಿ 2003ರಿಂದಲೇ ಸ್ಪ್ಯಾಮ್‌ಗೆ ಪ್ರತ್ಯೇಕ ಕಾನೂನು ಇದೆ. ಅಲ್ಲಿ ಸ್ಯಾನ್‌ಫರ್ಡ್ ವಾಲೇಸ್ ಎಂಬಾತ ಸುಮಾರು ಐದು ಲಕ್ಷ ಫೇಸ್‌ಬುಕ್ ಖಾತೆಗಳಿಗೆ ನುಗ್ಗಿ, 2 ಕೋಟಿ 70 ಲಕ್ಷಕ್ಕೂ ಮಿಕ್ಕಿ ಸ್ಪ್ಯಾಮ್ ಮೆಸೇಜ್ ಕಳಿಸಿದ್ದ. 2016ರಲ್ಲಿ ಅವನಿಗೆ ಎರಡೂವರೆ ವರ್ಷ ಜೈಲಾಯಿತು. ಅಲ್ಲಿಯೂ ಅವನು ಬರೀ ಮೆಸೇಜ್ ಕಳಿಸಿದವನಲ್ಲ ಎಂಬುದನ್ನು ಗಮನಿಸಿ. ಬೇರೆಯವರ ಪಾಸ್‌ವರ್ಡ್ ಕದ್ದು, ಅವರ ಹೆಸರಿನಲ್ಲಿ ಅವರ ಸ್ನೇಹಿತರಿಗೇ ಕಳಿಸಿದವನು.

ನಮ್ಮ ಕಾನೂನು ನೋಡುವುದೂ ಅದನ್ನೇ. ಎಷ್ಟು ಜನರಿಗೆ ಹೋಯಿತು ಎಂದು ಎಣಿಸುವುದಿಲ್ಲ. ಒಳಗೆ ಏನಿತ್ತು, ಯಾರ ಹೆಸರಿನಲ್ಲಿ ಹೋಯಿತು, ನಂಬರ್ ಎಲ್ಲಿಂದ ಬಂತು ಎಂದು ಕೇಳುತ್ತದೆ. ಬ್ಯಾಂಕಿನವರು ಎಂದು ಹೇಳಿಕೊಂಡು ಒಬ್ಬನೇ ಒಬ್ಬನಿಗೆ ಕೆವೈಸಿ ಲಿಂಕ್ ಕಳಿಸಿ ಮೋಸ ಮಾಡಿದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಬರುತ್ತದೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಅವರ ಖಾತೆಯಿಂದ ಕಳಿಸಿದರೆ 66ಸಿ, ಶಿಕ್ಷೆ ಅಷ್ಟೇ. ಮೆಸೇಜಿನ ಜೊತೆ ಫೋನ್ ಹಾಳು ಮಾಡುವ ಫೈಲ್ ಕಳಿಸಿದರೆ ಸೆಕ್ಷನ್ 66. ಅಲ್ಲಿ ದಂಡ ಐದು ಲಕ್ಷದವರೆಗೂ ಹೋಗುತ್ತದೆ. ಅಶ್ಲೀಲ ಚಿತ್ರ ಹಂಚಿದರೆ 67, ಮೊದಲ ಸಲಕ್ಕೆ ಮೂರು ವರ್ಷ ಮತ್ತು ಐದು ಲಕ್ಷದವರೆಗೆ. ಇವುಗಳಲ್ಲಿ ಜಾಮೀನು ಹಕ್ಕಿನಂತೆ ಸಿಗುತ್ತದೆ. ಆದರೆ ಜನ ನಂಬಿ ದುಡ್ಡು ಕಳೆದುಕೊಂಡರೆ ಪೊಲೀಸರು ನ್ಯಾಯ ಸಂಹಿತೆಯ 318(4) ಕೂಡ ಸೇರಿಸುತ್ತಾರೆ. ಅದು ವಂಚನೆ, ಏಳು ವರ್ಷದವರೆಗೆ ಜೈಲು, ಜಾಮೀನು ಕೊಡುವುದು ಬಿಡುವುದು ಕೋರ್ಟಿನ ಕೈಯಲ್ಲಿ.

ನಿಮ್ಮ ಮೆಸೇಜ್ ಓದಿದೆ. "ನಮ್ಮ ಮನೆಯ ಹಲಸಿನ ಹಪ್ಪಳ, ಬಿಸಿಲಲ್ಲೇ ಒಣಗಿಸಿದ್ದು, 25ರ ಕಟ್ಟು 120 ರೂಪಾಯಿ." ಇಲ್ಲಿವರೆಗೆ ಯಾರ ತಕರಾರೂ ಇಲ್ಲ. ಹೆಸರು ನಿಮ್ಮದು, ನಂಬರ್ ನಿಮ್ಮದು, ಹಪ್ಪಳವೂ ನಿಜವಾದದ್ದು. ಕೊನೆಯ ಸಾಲು ನೋಡಿ ಮಾತ್ರ ನಗು ಬಂತು. "ಶುಗರ್ ಇರುವವರಿಗೆ ಔಷಧಿ ಇದ್ದ ಹಾಗೆ." ಮಾರಾಯ್ರೆ, ಎಣ್ಣೆಯಲ್ಲಿ ಕರಿದ ಹಪ್ಪಳ! ಆ ಸಾಲು ತೆಗೆಯಿರಿ. ತಿನ್ನುವ ವಸ್ತುವಿನ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ ಆಹಾರ ಸುರಕ್ಷತಾ ಕಾಯ್ದೆಯ ಸೆಕ್ಷನ್ 53ರಲ್ಲಿ ಹತ್ತು ಲಕ್ಷದವರೆಗೆ ದಂಡ ಇದೆ. ಇದು ಜೈಲಿನ ವಿಷಯ ಅಲ್ಲ. ಅಪರ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿಯ ಮುಂದೆ ನಡೆಯುವ ವಿಚಾರಣೆ. ಆದರೂ ಒಂದು ಸಾಲಿಗಾಗಿ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿ ರಜತಾದ್ರಿಗೆ ಅಲೆಯುವುದು ಯಾಕೆ? ಅಂದ ಹಾಗೆ, ಮೆಸೇಜಿನಲ್ಲಿ ಎಫ್ಎಸ್ಎಸ್ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ನಂಬರ್ ಕಾಣಲಿಲ್ಲ. ಮನೆಯಲ್ಲೇ ಮಾಡಿ ಮಾರುವವರಿಗೂ ನೋಂದಣಿ ಬೇಕು. ಕೆಲಸ ದೊಡ್ಡದಲ್ಲ, ಮಾಡಿಸಿಕೊಳ್ಳಿ.

ಇನ್ನು ಆ ಎಕ್ಸೆಲ್ ಫೈಲ್. ನನಗೆ ಮೆಸೇಜಿಗಿಂತ ಜಾಸ್ತಿ ಚಿಂತೆ ಅದರದ್ದೇ.

ತೆರೆದು ನೋಡಿದೆ. ಹೆಸರು, ಊರು, ಫೋನ್ ನಂಬರ್. ಪಕ್ಕದಲ್ಲಿ ಇನ್ನೆರಡು ಕಾಲಂ ಇವೆ, ನೀವು ಗಮನಿಸಿದ್ದೀರೋ ಇಲ್ಲವೋ. ಒಂದರಲ್ಲಿ ಗಾಡಿ ನಂಬರ್, ಕೆಎ 20 ಮತ್ತು ಕೆಎ 19. ಇನ್ನೊಂದರಲ್ಲಿ ಇನ್ಶೂರೆನ್ಸ್ ಮುಗಿಯುವ ತಾರೀಕು. ನನ್ನ ಹೆಸರು ಹುಡುಕಿದೆ, ಸಿಕ್ಕಿತು. ನನ್ನ ಸ್ಕೂಟರಿನ ನಂಬರ್ ಸರಿಯಾಗಿದೆ, ತಾರೀಕೂ ಸರಿಯಾಗಿದೆ. ಮೂರು ಸಾಲು ಕೆಳಗೆ ನನ್ನ ಮಾವನವರ ಹೆಸರು ಇತ್ತು. ಅವರು ತೀರಿಕೊಂಡು ಎರಡು ವರ್ಷ ಆಯಿತು. ಆ ಫೋನು ಈಗ ಅತ್ತೆಯ ಹತ್ತಿರ ಇದೆ. ಮಾವನ ಹೆಸರು ಹಿಡಿದು, "ಸರ್ ಇದ್ದಾರಾ, ಕಾರಿನ ಇನ್ಶೂರೆನ್ಸ್ ರಿನ್ಯೂ ಮಾಡಬೇಕಿತ್ತು" ಎಂದು ಯಾರ್‍ಯಾರೋ ಫೋನ್ ಮಾಡುತ್ತಲೇ ಇರುತ್ತಾರೆ. ಪ್ರತಿ ಸಲವೂ ಅತ್ತೆ, ಅವರಿಲ್ಲ ಎಂದು ಹೇಳಿ ಫೋನ್ ಇಡುತ್ತಾರೆ. ಅವರಿಗೆ ನಂಬರ್ ಎಲ್ಲಿಂದ ಸಿಗುತ್ತದೆ ಎಂದು ನಾವು ತಲೆ ಕೆಡಿಸಿಕೊಂಡಿದ್ದೆವು. ಇಂಥ ಫೈಲ್‌ಗಳಿಂದ ಸಿಗುತ್ತದೆ.

ಗಾಡಿ ನಂಬರ್, ಇನ್ಶೂರೆನ್ಸ್ ತಾರೀಕು ಸಮೇತ ಇರುವ ಪಟ್ಟಿಯನ್ನು ಯಾರೂ ಡೈರೆಕ್ಟರಿ ನೋಡಿ ಟೈಪ್ ಮಾಡುವುದಿಲ್ಲ. ಎಲ್ಲೋ ಒಂದು ಕಂಪ್ಯೂಟರಿನಿಂದ ಅನುಮತಿ ಇಲ್ಲದೆ ಎತ್ತಿದ್ದು. ಹಾಗೆ ಎತ್ತುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ರಲ್ಲಿ ತಪ್ಪು, ಪರಿಹಾರ ಕೊಡಬೇಕಾಗುತ್ತದೆ. ಕೆಟ್ಟ ಉದ್ದೇಶದಿಂದ ಮಾಡಿದರೆ 66ರಲ್ಲಿ ಅಪರಾಧ. ತೆಗೆದುಕೊಂಡವರ ಕಥೆ ಏನು? ಅದಕ್ಕೆ 66ಬಿ ಇದೆ. ಕದ್ದ ಮಾಲು ಎಂದು ಗೊತ್ತಿದ್ದೂ, ಅಥವಾ ಗೊತ್ತಾಗಲು ಕಾರಣ ಇದ್ದೂ, ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಮಾತ್ರ ಅಲ್ಲ, ಡೇಟಾ ಕೂಡ ಕದ್ದ ಮಾಲು ಆಗಬಹುದು. ನಿಮಗೆ ಕೆಟ್ಟ ಉದ್ದೇಶ ಇರಲಿಲ್ಲ ಎಂದು ನಿಮ್ಮ ಪತ್ರ ಓದಿದರೇ ತಿಳಿಯುತ್ತದೆ. ಆದರೆ ಈಗ ಗೊತ್ತಾದ ಮೇಲೂ ಬಳಸಿದರೆ ಆ ಮಾತು ನಿಲ್ಲುವುದಿಲ್ಲ.

ಹಾಗಂತ ಫೈಲ್ ಅಳಿಸಿ ಕೈತೊಳೆದುಕೊಳ್ಳಿ ಎಂದೂ ನಾನು ಹೇಳಲಾರೆ. ನಾಳೆ ಯಾರಾದರೂ ದೂರು ಕೊಟ್ಟು ಪೊಲೀಸರು ಕೇಳಿದರೆ, ಎಲ್ಲಿಂದ ಬಂತು ಎಂದು ತೋರಿಸಲು ನಿಮ್ಮ ಹತ್ತಿರ ಏನಾದರೂ ಇರಬೇಕು. ಬಳಸಬೇಡಿ, ಯಾರಿಗೂ ಕೊಡಬೇಡಿ. ಗೂಗಲ್ ಪೇಯಲ್ಲೋ ಫೋನ್ ಪೇಯಲ್ಲೋ 1,500 ರೂಪಾಯಿ ಕಳಿಸಿದ ದಾಖಲೆ, ಫೈಲ್ ಬಂದ ಮೆಸೇಜ್, ಅಂಗಡಿಯವರ ಜೊತೆಗಿನ ಚಾಟ್, ಇವನ್ನೆಲ್ಲ ಹಾಗೇ ಇಟ್ಟುಕೊಳ್ಳಿ.

ಇಂಥ ಪಟ್ಟಿ ಮೋಸಗಾರರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನೂ ಕೇಳಿ. "ನಿಮ್ಮ ಗಾಡಿಗೆ ಚಲನ್ ಬಂದಿದೆ, ನೋಡಲು ಈ ಎಪಿಕೆ ಒತ್ತಿ" ಎಂದು ಆಪ್ ಇಳಿಸುವ ಫೈಲ್ ಕಳಿಸುವ ವಾಟ್ಸಾಪ್ ಮೆಸೇಜ್ ಸುತ್ತಾಡುತ್ತಿರುವುದು ನೀವೂ ನೋಡಿರಬಹುದು. ಅದರಲ್ಲಿ ನಿಮ್ಮದೇ ಗಾಡಿ ನಂಬರ್ ಇದ್ದರೆ ಎಂಥವರಾದರೂ ಒತ್ತುತ್ತಾರೆ. ಇನ್ನೊಂದು ಅನುಮಾನ. ಅಂಗಡಿಯವರು ತಮ್ಮ ಕಂಪ್ಯೂಟರಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿಸಿದರಾ? ಹಾಗಿದ್ದರೆ ನಿಮ್ಮ ವಾಟ್ಸಾಪ್ ಆ ಕಂಪ್ಯೂಟರಿನಲ್ಲೂ ತೆರೆದಿತ್ತು ಎಂದರ್ಥ. ಖಾತೆ ವಾಪಸ್ ಬಂದ ಕೂಡಲೇ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಎಲ್ಲವನ್ನೂ ಲಾಗ್ ಔಟ್ ಮಾಡಿ. ಅಲ್ಲಿಂದ ಯಾರಾದರೂ ನಿಮ್ಮ ನಂಬರಿನಲ್ಲಿ ಇಂಥದ್ದೊಂದು ಕಳಿಸಿದರೆ, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ.

ಬ್ಯಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಶಿಕ್ಷೆ ಅಲ್ಲ, ಕಂಪನಿಯ ಷರತ್ತು ಮುರಿದದ್ದಕ್ಕೆ ಕಂಪನಿ ತೆಗೆದುಕೊಂಡ ಕ್ರಮ. ಆಪ್‌ನಲ್ಲೇ ಮರುಪರಿಶೀಲನೆಗೆ ಕೇಳಿಕೊಳ್ಳುವ ದಾರಿ ಇದೆ. ನಡೆದದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ. ಅಷ್ಟರೊಳಗೆ ಇನ್ಯಾರದ್ದೋ ಹೆಸರಿನ ಸಿಮ್ ಹಾಕಿ ಮತ್ತೆ ಶುರು ಮಾಡಬೇಡಿ. ಮೋಸದಿಂದ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಮುಂದೆ ಮಾರಾಟಕ್ಕೆ ನಿಮ್ಮ ಹಳೆ ಗಿರಾಕಿಗಳನ್ನೇ ಕೇಳಿ, "ಹಪ್ಪಳ ಆದಾಗ ಮೆಸೇಜ್ ಮಾಡಲಾ?" ಎಂದು. ಹೂಂ ಎಂದವರ ಹೆಸರು ಬರೆದಿಟ್ಟುಕೊಳ್ಳಿ. ಆ ಹೂಂಗೆ ಕಾನೂನಿನಲ್ಲೂ ಬೆಲೆ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯ ಪ್ರಕಾರ ವ್ಯಾಪಾರಕ್ಕೆ ಒಬ್ಬರ ನಂಬರ್ ಬಳಸಬೇಕಾದರೆ ಸಾಮಾನ್ಯವಾಗಿ ಅವರ ಒಪ್ಪಿಗೆ ಬೇಕು. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಇದಕ್ಕೆ 18 ತಿಂಗಳ ಕಾಲಾವಕಾಶ ಕೊಟ್ಟಿವೆ. ಇಲ್ಲಿಯೂ ಜೈಲಿಲ್ಲ. ಆದರೆ ದಂಡದ ಪಟ್ಟಿಯಲ್ಲಿ ಮೊತ್ತಗಳು ಕೋಟಿ ಲೆಕ್ಕದಲ್ಲಿವೆ. ಹಪ್ಪಳ ಮಾರುವವರಿಗೆ ಅಷ್ಟು ಹಾಕುತ್ತಾರೆ ಎಂದಲ್ಲ, ತಪ್ಪು ಎಷ್ಟು ದೊಡ್ಡದು ಎಂದು ನೋಡಿಯೇ ದಂಡ ನಿರ್ಧಾರ ಮಾಡುವುದು.

ಮಹಿಳಾ ಮಂಡಳಿ ಗ್ರೂಪಿನ ಬಗ್ಗೆ ಹೆದರಬೇಡಿ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಅವು ಬೇರೆ ರಾಜ್ಯದ ತೀರ್ಪುಗಳು, ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ವಾದಕ್ಕೆ ಒಳ್ಳೆಯ ಬಲ. ಲಿಂಕ್ ಅಳಿಸಿ, ಒತ್ತಬೇಡಿ ಎಂದು ಒಂದು ಮಾತು ಹಾಕಿ. ಯಾರಾದರೂ ಒತ್ತಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಆಮೇಲೆ ಸೈಬರ್ ಅಪರಾಧ ನೋಡುವ ಉಡುಪಿಯ ಸೆನ್ ಠಾಣೆಗೆ ಹೋಗಲಿ. ಒಂದು ಗಂಟೆಯೊಳಗೆ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಇರುತ್ತದೆ, ಎರಡು ದಿನ ಬಿಟ್ಟು ಹೇಳಿದರೆ ಕಷ್ಟ.

ನೀವು ನಡುವೆ, ಅಷ್ಟೇನೂ ದೊಡ್ಡದಲ್ಲ ಎಂಬಂತೆ ಕೇಳಿದ್ದು ಲಕ್ಕಿ ಸ್ಕೀಮ್ ವಿಷಯ. ನಿಮ್ಮ ಪತ್ರದಲ್ಲಿ ನಿಜವಾಗಿ ಹೆದರಬೇಕಾದದ್ದು ಅದಕ್ಕೆ.

ಪೋಸ್ಟರ್ ನೋಡಿದೆ. ತಿಂಗಳಿಗೆ 1,000 ರೂಪಾಯಿ, 20 ತಿಂಗಳು. ಪ್ರತಿ ತಿಂಗಳೂ ಡ್ರಾ. ಬಂಪರ್‌ಗೆ ಮನೆ, ಆಮೇಲೆ ಕಾರು, ಬೈಕು, ಚಿನ್ನ. ಬಹುಮಾನ ಬರದವರಿಗೆ ಕೊನೆಗೆ ಕಟ್ಟಿದಷ್ಟು ಬೆಲೆಯ ಫರ್ನಿಚರ್. ಸುರತ್ಕಲ್‌ನಿಂದ ಬೈಂದೂರಿನವರೆಗೆ ಇಂಥ ಪೋಸ್ಟರ್ ಬರದ ಫೋನ್ ಇರಲಿಕ್ಕಿಲ್ಲ. ಕಂತಿನಲ್ಲಿ ದುಡ್ಡು ಒಟ್ಟುಮಾಡಿ, ಚೀಟಿ ಎತ್ತಿ ಕೆಲವರಿಗೆ ಬಹುಮಾನ ಕೊಟ್ಟು, ಉಳಿದವರಿಗೆ ಕಟ್ಟಿದ್ದನ್ನು ಹಿಂದಿರುಗಿಸುವ ಯೋಜನೆಗೆ ಕಾನೂನಿನಲ್ಲಿ ಪ್ರೈಜ್ ಚಿಟ್ ಎಂದು ಹೆಸರು. ಅದನ್ನು ದೇಶದಲ್ಲಿ ನಿಷೇಧಿಸಿ ಬಹಳ ಕಾಲವಾಯಿತು, 1978ರ ಕಾಯ್ದೆ ಅದು. ನೋಂದಣಿಯಾದ ಚಿಟ್ ಫಂಡ್ ಬೇರೆ, ಅದಕ್ಕೆ 1982ರ ಪ್ರತ್ಯೇಕ ಕಾನೂನು ಇದೆ. ಎರಡನ್ನೂ ಒಂದೇ ಎಂದು ತಿಳಿದುಕೊಂಡು ಮೋಸ ಹೋಗುವವರು ತುಂಬಾ ಜನ. ಬಹುಮಾನವಾಗಿ ವಸ್ತು ಕೊಡುತ್ತೇವೆ, ಹಣ ಅಲ್ಲವಲ್ಲ ಎಂದು ಏಜೆಂಟರು ವಾದ ಮಾಡುತ್ತಾರೆ. ಆ ವಾದದ ಮೇಲೆ ನೀವು ಭರವಸೆ ಇಡಬೇಡಿ.

1978ರ ಕಾಯ್ದೆಯಲ್ಲಿ ಸ್ಕೀಮ್ ನಡೆಸುವವರು ಮಾತ್ರ ಸಿಕ್ಕಿಬೀಳುವುದಲ್ಲ. ನಡೆಸಿದರೆ, ಸೇರಿದರೆ ಮೂರು ವರ್ಷದವರೆಗೆ ಜೈಲು. ಅದರ ಜಾಹೀರಾತು ಪ್ರಕಟಿಸಿದರೆ, ಹಂಚಿದರೆ ಎರಡು ವರ್ಷದವರೆಗೆ. ಎರಡಕ್ಕೂ ವಿಶೇಷ ಕಾರಣ ಇಲ್ಲದಿದ್ದರೆ ಒಂದು ವರ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ. ದಂಡ ಮಾತ್ರ ಹಳೇ ಕಾಲದ್ದು, ಐದು ಸಾವಿರ, ಮೂರು ಸಾವಿರ ರೂಪಾಯಿ. ಅದನ್ನು ನೋಡಿ ಹಗುರ ಎಂದುಕೊಳ್ಳಬೇಡಿ. 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಬಂತು. ಪ್ರೈಜ್ ಚಿಟ್ ಕೂಡ ಅದರೊಳಗೆ ಸೇರಿತು. ಅಲ್ಲಿ ಜನರನ್ನು ದುಡ್ಡು ಹಾಕಲು ಕರೆದ ಸ್ಕೀಮಿನವರಿಗೆ ಒಂದರಿಂದ ಐದು ವರ್ಷ ಜೈಲು, ಎರಡರಿಂದ ಹತ್ತು ಲಕ್ಷ ದಂಡ.

ವ್ಯತ್ಯಾಸ ನೋಡಿ. ಗುರುತಿಲ್ಲದ ಸಾವಿರಾರು ಜನರಿಗೆ ಹಪ್ಪಳದ ಮೆಸೇಜ್ ಕಳಿಸಿದ್ದಕ್ಕೆ ಜೈಲಿನ ಸೆಕ್ಷನ್ ಇಲ್ಲ. ಗುರುತಿನ 14 ಜನರಿಗೆ ಕಳಿಸಿದ ಒಂದು ಪೋಸ್ಟರಿಗೆ ಇದೆ. ನೀವು ಕಮಿಷನ್ ತೆಗೆದುಕೊಂಡಿಲ್ಲ, ಸುಮ್ನೆ ಹುಡುಗನಿಗೆ ಸಹಾಯ ಆಗಲಿ ಎಂದು ಮಾಡಿದ್ದೀರಿ. ಅದು ನಿಮ್ಮ ಪರವಾಗಿ ಹೇಳಬಹುದಾದ ದೊಡ್ಡ ಮಾತು. ಆದರೆ ಸ್ಕೀಮಿನವರು ಅರ್ಧದಲ್ಲಿ ಬಾಗಿಲು ಹಾಕಿ ಹೋದರೆ, ದುಡ್ಡು ಕಟ್ಟಿದವರು ಬಂದು ಕೇಳುವುದು ಪೋಸ್ಟರ್ ಕಳಿಸಿದವರನ್ನೇ.

ಇವತ್ತೇ ಆ 14 ಜನರಿಗೆ ಫೋನ್ ಮಾಡಿ. ವಾಟ್ಸಾಪ್ ಇಲ್ಲದಿದ್ದರೆ ಏನಾಯಿತು, ಮಾತಾಡಿಯೇ ಹೇಳಿ. ಸೇರಬೇಡಿ, ನಾನು ತಿಳಿಯದೆ ಕಳಿಸಿದ್ದು ಎನ್ನಿ. ಆಮೇಲೆ ಅದನ್ನೇ ಎಸ್ಎಂಎಸ್‌ನಲ್ಲೂ ಹಾಕಿ, ದಾಖಲೆ ಇರಲಿ. ಯಾರಾದರೂ ಈಗಾಗಲೇ ಕಂತು ಕಟ್ಟಿದ್ದರೆ ರಸೀದಿ, ಪೇಮೆಂಟ್ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ. ಭಾವನ ಮಗನದ್ದು ನಿಮ್ಮಷ್ಟು ಸುಲಭದ ವಿಷಯ ಅಲ್ಲ. ಅವನು ದುಡ್ಡು ವಸೂಲಿ ಮಾಡಿದ್ದಾನೆ, ಕಮಿಷನ್ ತೆಗೆದುಕೊಂಡಿದ್ದಾನೆ. ಇನ್ನೊಂದು ಡ್ರಾ ಆಗುವ ಮೊದಲು ಅವನನ್ನು ಉಡುಪಿಯಲ್ಲೋ ಮಂಗಳೂರಲ್ಲೋ ಒಬ್ಬ ವಕೀಲರ ಹತ್ತಿರ ಕಳಿಸಿ. ಹೋಗುವಾಗ ರಸೀದಿ ಪುಸ್ತಕ, ಸದಸ್ಯರ ಹೆಸರಿನ ಪಟ್ಟಿ, ಕಂಪನಿಯವರು ಕೊಟ್ಟ ಐಡಿ ಕಾರ್ಡ್ ಮೂರನ್ನೂ ತೆಗೆದುಕೊಂಡು ಹೋಗಲಿ.